ನಾಲಿಗೆ ಸೋತಾಗ ಕಲಿತ ಪಾಠ: ಇಮಾಮ್ ಗಝ್ಝಾಲಿ(ರ)

‘ಹುಜ್ಜತುಲ್ ಇಸ್ಲಾಮ್’ ಎಂಬ ಬಿರುದಿನಿಂದ ಮುಸ್ಲಿಮ್ ಜಗತ್ತು ಸ್ಮರಿಸುವ ಇಮಾಮ್ ಅಬೂ ಹಾಮಿದ್ ಮುಹಮ್ಮದ್ ಅಲ್ ಗಝ್ಝಾಲಿ(ರ) ಅವರು ಕ್ರಿ.ಶ. 1058ರಲ್ಲಿ, ಹಿಜರಿ 450ರಲ್ಲಿ, ಇಂದಿನ ಇರಾನಿನ ಈಶಾನ್ಯ ಭಾಗದಲ್ಲಿರುವ ತೂಸ್ ಎಂಬಲ್ಲಿ ಜನಿಸಿದರು. ತಂದೆ ಉಣ್ಣೆ ನೂಲುವ ಬಡವರಾಗಿದ್ದರೆಂದೂ, ಸಾಯುವ ಮುನ್ನ ತಮ್ಮ ಇಬ್ಬರು ಮಕ್ಕಳನ್ನು ಸೂಫಿ ಗೆಳೆಯರೊಬ್ಬರಿಗೆ ಒಪ್ಪಿಸಿದರೆಂದೂ ಚರಿತ್ರೆಕಾರರು ಬರೆದಿದ್ದಾರೆ. ಬಿಟ್ಟುಹೋದ ಹಣ ಮುಗಿದಾಗ ಆ ಗೆಳೆಯರು ಮಕ್ಕಳನ್ನು ಊಟ-ವಸತಿ ಸಿಗುವ ಮದ್ರಸಕ್ಕೆ ಸೇರಿಸಿದರು. ಹಸಿವು ನೀಗಲೆಂದು ಆರಂಭವಾದ ವಿದ್ಯೆ ಹುಡುಗನನ್ನು ಬಹುದೂರ ಒಯ್ದಿತು.

ನೈಶಾಪುರದಲ್ಲಿ ಆ ಕಾಲದ ಮಹಾ ವಿದ್ವಾಂಸ ಇಮಾಮ್ ಜುವೈನಿ(ರ) ಅವರ ಶಿಷ್ಯರಾಗಿ ಗಝ್ಝಾಲಿಯವರು ಧರ್ಮಶಾಸ್ತ್ರ, ತರ್ಕ, ವಾದವಿದ್ಯೆಗಳನ್ನು ಕಲಿತರು. 1085ರಲ್ಲಿ ಗುರುಗಳು ತೀರಿಕೊಂಡ ಮೇಲೆ ಸೆಲ್ಜೂಕ್ ಮಂತ್ರಿ ನಿಝಾಮುಲ್ ಮುಲ್ಕ್ ಅವರ ಆಸ್ಥಾನ ಸೇರಿದರು. 1091ರಲ್ಲಿ ಮಂತ್ರಿ ಅವರನ್ನು ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಮುಖ್ಯ ಅಧ್ಯಾಪಕರನ್ನಾಗಿ ನೇಮಿಸಿದರು. ಆಗ ಅವರಿಗೆ ಇನ್ನೂ 33ರ ಪ್ರಾಯ. ಮುನ್ನೂರು ವಿದ್ಯಾರ್ಥಿಗಳು ಅವರ ಪಾಠ ಕೇಳುತ್ತಿದ್ದರು. ವಾದದಲ್ಲಿ ಅವರೆದುರು ನಿಲ್ಲುವವರು ವಿರಳ. ತತ್ವಜ್ಞಾನಿಗಳ ತರ್ಕದಲ್ಲಿನ ದೋಷಗಳನ್ನು ತರ್ಕದಿಂದಲೇ ತೋರಿಸುವ ‘ತಹಾಫುತುಲ್ ಫಲಾಸಿಫಾ’ ಎಂಬ ಗ್ರಂಥವನ್ನು ಅವರು ಬರೆದದ್ದೂ ಇಲ್ಲಿಯೇ.

ಆದರೆ ಹೊರಗೆ ಕೀರ್ತಿ ಏರಿದಂತೆ ಒಳಗೆ ಒಂದು ಪ್ರಶ್ನೆ ಬೆಳೆಯಿತು. ನಾನು ಅಲ್ಲಾಹನ ಕುರಿತು ಪಾಠ ಹೇಳುವುದು ಅಲ್ಲಾಹನಿಗಾಗಿಯೋ, ಹೆಸರಿಗಾಗಿಯೋ? ತಮ್ಮನ್ನು ತಾವೇ ಪರೀಕ್ಷಿಸಿಕೊಂಡಾಗ ಸಿಕ್ಕಿದ ಉತ್ತರ ಅವರನ್ನು ನಡುಗಿಸಿತು. ಸೂಫಿಗಳ ಗ್ರಂಥಗಳನ್ನು ಓದಿ ಅವರ ಮಾತುಗಳನ್ನೆಲ್ಲ ಅರಿತಿದ್ದರು. ಆದರೆ ಅವರು ಪಡೆದದ್ದು ತಮ್ಮಲ್ಲಿಲ್ಲ ಎಂಬುದೂ ಸ್ಪಷ್ಟವಾಯಿತು.

1095ರಲ್ಲಿ ಸುಮಾರು ಆರು ತಿಂಗಳು ಅವರು ತೊಳಲಾಡಿದರು. ಇಂದು ಬಗ್ದಾದ್ ಬಿಡಬೇಕೆಂದು ನಿರ್ಧರಿಸಿದರೆ ನಾಳೆ ಮನಸ್ಸು ಬದಲಾಗುತ್ತಿತ್ತು. ಕೊನೆಗೆ ಒಂದು ದಿನ ನಾಲಿಗೆಯೇ ಕಟ್ಟಿಹೋಯಿತು. ವಿದ್ಯಾರ್ಥಿಗಳ ಸಂತೋಷಕ್ಕಾಗಿ ಪಾಠ ಮಾಡಲು ಯತ್ನಿಸಿದರೂ ಒಂದು ಶಬ್ದ ಹೊರಡಲಿಲ್ಲ. ಊಟ ಸೇರಲಿಲ್ಲ, ದೇಹ ಕ್ಷೀಣಿಸಿತು. ಇದು ಹೃದಯದಿಂದ ಬಂದ ಬೇನೆ, ಮದ್ದಿನಿಂದ ವಾಸಿಯಾಗದು ಎಂದು ವೈದ್ಯರು ಕೈಚೆಲ್ಲಿದರು. ಮಾತಿನಿಂದಲೇ ಹೆಸರಾದ ಮನುಷ್ಯನ ಕೈಯಲ್ಲಿ ಈಗ ದುಆದ ಹೊರತು ಏನೂ ಉಳಿದಿರಲಿಲ್ಲ.

ಕೊನೆಗೂ ಅವರು ಹುದ್ದೆ ತೊರೆದರು. ಕುಟುಂಬಕ್ಕೆ ಬೇಕಾದಷ್ಟನ್ನು ಇಟ್ಟು ಉಳಿದ ಸಂಪತ್ತನ್ನು ದಾನ ಮಾಡಿ ದಮಾಸ್ಕಸ್‌ಗೆ ಹೊರಟರು. ಅಲ್ಲಿನ ಮಸೀದಿಯ ಮಿನಾರದೊಳಗೆ ಬಾಗಿಲು ಹಾಕಿಕೊಂಡು ದಿನವಿಡೀ ಏಕಾಂತದಲ್ಲಿರುತ್ತಿದ್ದರು. ಬಳಿಕ ಜೆರುಸಲೇಮಿಗೆ ಹೋದರು. ಹೆಬ್ರೋನಿನಲ್ಲಿ ಪ್ರವಾದಿ ಇಬ್ರಾಹೀಮ್(ಅ) ಅವರ ಸಮಾಧಿಯ ಬಳಿ ಮೂರು ಪ್ರತಿಜ್ಞೆ ಕೈಗೊಂಡರು: ದೊರೆಗಳ ಬಾಗಿಲಿಗೆ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ವಾದಕ್ಕಾಗಿ ವಾದ ಮಾಡುವುದಿಲ್ಲ. ಆಮೇಲೆ ಹಜ್ಜ್ ನಿರ್ವಹಿಸಿದರು.

ಈ ವರ್ಷಗಳಲ್ಲಿ ಅವರು ಕಂಡುಕೊಂಡದ್ದನ್ನು ಮುಂದೆ ತಮ್ಮ ಆತ್ಮಕಥನ ‘ಅಲ್ ಮುನ್ಕಿದ್’ನಲ್ಲಿ ಸರಳ ಉದಾಹರಣೆಯಿಂದ ತಿಳಿಸಿದ್ದಾರೆ. ಆರೋಗ್ಯವೆಂದರೇನು ಎಂದು ವಿವರಿಸಬಲ್ಲ ವೈದ್ಯ, ಕಾಯಿಲೆ ಬಿದ್ದಾಗ ಆ ವಿವರಣೆಯಿಂದಲೇ ಆರೋಗ್ಯವಂತನಾಗುವುದಿಲ್ಲ. ಧರ್ಮದ ವಿಷಯವೂ ಹಾಗೆಯೇ. ಅದರ ಆಳದ ಸತ್ಯ ರುಚಿ ನೋಡಿದವನಿಗೆ ಮಾತ್ರ ತಿಳಿಯುತ್ತದೆ. ಅಲ್ಲಾಹನ ಸಾಮೀಪ್ಯದ ಅನುಭವವನ್ನು ಶಬ್ದದಲ್ಲಿ ಹಿಡಿಯಲು ಹೊರಟವನು ತಪ್ಪು ಹೇಳದೆ ಇರಲಾರ ಎಂದೂ ಎಚ್ಚರಿಸಿದ್ದಾರೆ.

ಹಾಗೆಂದು ಅವರು ಶಾಶ್ವತ ಮೌನಕ್ಕೆ ಶರಣಾಗಲಿಲ್ಲ. 40 ಭಾಗಗಳ ‘ಇಹ್ಯಾ ಉಲೂಮಿದ್ದೀನ್’ ಎಂಬ ಮಹಾಗ್ರಂಥ ಬಗ್ದಾದ್ ಬಿಟ್ಟ ಬಳಿಕವೇ ಬಂದದ್ದು. ಅದರಲ್ಲಿ ನಮಾಝ್, ಉಪವಾಸ, ಊಟ, ದುಡಿಮೆ, ಕೋಪ, ಕೃತಜ್ಞತೆ ಎಲ್ಲವೂ ಇದೆ. ವರ್ಣಿಸಲಾಗದ್ದನ್ನು ವರ್ಣಿಸುವ ಬದಲು ಅದರತ್ತ ನಡೆಯುವ ದಾರಿಯನ್ನು ಅವರು ಬರೆದರು. 1106ರಲ್ಲಿ ನೈಶಾಪುರದಲ್ಲಿ ಮತ್ತೆ ಅಧ್ಯಾಪಕರಾದಾಗಲೂ, ಹಿಂದೆ ಸ್ಥಾನಮಾನ ಗಳಿಸುವ ವಿದ್ಯೆ ಕಲಿಸಿದ್ದ ತಾವು ಈಗ ಅದನ್ನು ಬಿಡುವ ವಿದ್ಯೆ ಕಲಿಸುತ್ತಿದ್ದೇವೆ ಎಂದೇ ಭಾವಿಸಿದ್ದರು.

ಅವರ ಕೊನೆಯ ಕೃತಿ ‘ಇಲ್ಜಾಮುಲ್ ಅವಾಮ್’ ಮುಗಿದದ್ದು ಮರಣಕ್ಕೆ ಕೆಲವೇ ದಿನಗಳ ಮುಂಚೆ. ಅಲ್ಲಾಹನ ‘ಕೈ’ ಮುಂತಾದ ಪದಗಳು ಬಂದಾಗ ಏನು ಮಾಡಬೇಕೆಂಬುದೇ ಅದರ ವಿಷಯ. ಮನುಷ್ಯರ ಅಂಗಗಳಂತೆ ಅವನ್ನು ಕಲ್ಪಿಸಬಾರದು, ಸತ್ಯವೆಂದು ನಂಬಬೇಕು, ತಿಳಿಯದ್ದನ್ನು ತಿಳಿಯದೆಂದು ಒಪ್ಪಿ ಸುಮ್ಮನಿರಬೇಕು ಎಂಬುದು ಸಾಮಾನ್ಯ ಜನರಿಗೆ ಅವರ ಉಪದೇಶ.

1111ರ ಡಿಸೆಂಬರಿನಲ್ಲಿ, ತೂಸ್‌ನಲ್ಲಿ, ಒಂದು ಬೆಳಿಗ್ಗೆ ಅವರು ವುಝೂ ಮಾಡಿ ನಮಾಝ್ ನಿರ್ವಹಿಸಿದರು. ಕಫನ್ ತರಿಸಿ, ಮುತ್ತಿಟ್ಟು, ಕಿಬ್ಲಾದತ್ತ ಮುಖಮಾಡಿ ಮಲಗಿದವರು ಮತ್ತೆ ಏಳಲಿಲ್ಲ ಎಂದು ತಮ್ಮ ಅಹ್ಮದ್ ತಿಳಿಸಿದ್ದಾಗಿ ದಾಖಲೆಯಿದೆ.

ಪ್ರಿಯ ವಿದ್ಯಾರ್ಥಿಗಳೇ, ನಾವು ಸಕ್ಕರೆಯ ರಾಸಾಯನಿಕ ಸೂತ್ರವನ್ನು ತಪ್ಪಿಲ್ಲದೆ ಬರೆದು ಪೂರ್ಣ ಅಂಕ ಪಡೆಯಬಹುದು. ಅದರಿಂದ ಬಾಯಿ ಸಿಹಿಯಾಗುವುದಿಲ್ಲ. ಸೂತ್ರವೂ ಬೇಕು, ಕಲಿಯೋಣ. ಆದರೆ ದೀನಿನ ಕುರಿತು ವಾದದಲ್ಲಿ ಗೆದ್ದ ದಿನ, ಇಂದಿನ ನಮಾಝಿನಲ್ಲಿ ನನ್ನ ಮನಸ್ಸು ಎಲ್ಲಿತ್ತು ಎಂದು ಒಮ್ಮೆ ಕೇಳಿಕೊಳ್ಳೋಣ. ಇಮಾಮರು ಕೇಳಿಕೊಂಡದ್ದೂ ಇಂಥದ್ದೇ ಪ್ರಶ್ನೆಯನ್ನು.