ಪ್ರೌಢದೇವರಾಯನ ಧರ್ಮಪರಿಪಾಲನೆ

ತುಂಗಭದ್ರೆಯ ಅಣೆಕಟ್ಟಿನಿಂದ ಹೊಸಪೇಟೆಯನ್ನು ಹಾದು ಹಂಪೆಯ ಕಡೆಗೆ ನಡೆದರೆ ಕಾಣಬರುವ ಹಾಳುಬೀದಿಗಳಲ್ಲಿ ಒಂದು ಕಾಲಕ್ಕೆ ವಿಭೂತಿಧಾರಿಗಳಾದ ಜಂಗಮರೂ, ಶ್ರೀವೈಷ್ಣವರೂ, ಜೈನ ವರ್ತಕರೂ, ಮುಸಲ್ಮಾನ ಯೋಧರೂ ಸಂಚರಿಸುತ್ತಿದ್ದರು. ಆ ಪಟ್ಟಣವನ್ನಾಳಿದ ಅರಸುಗಳಲ್ಲಿ ವೀರಶೈವ ಕವಿಗಳು ಇಮ್ಮಡಿ ದೇವರಾಯನನ್ನು ನೆನೆದಷ್ಟು ಮತ್ತಾರನ್ನೂ ನೆನೆದಿಲ್ಲ. ಪ್ರೌಢದೇವರಾಯನೆಂದು ಪ್ರಖ್ಯಾತನಾದ ಈತನು ಸಂಗಮವಂಶದ ಒಂದನೆಯ ದೇವರಾಯನ ಮೊಮ್ಮಗನು. 1424ರಿಂದ 1446ರ ವರೆಗೆ ರಾಜ್ಯಭಾರ ಮಾಡಿದನು. ಗಜಬೇಟೆಕಾರನೆಂಬುದು ಈತನ ಬಿರುದು.

ಈತನ ಕಾಲದಲ್ಲಿ ನೂರೊಂದು ವಿರಕ್ತರು ವಿಜಯನಗರದಲ್ಲಿ ನೆಲಸಿದ್ದರೆಂಬುದು ಭಕ್ತರೆಲ್ಲರೂ ಬಲ್ಲ ವಿಷಯ. ದಕ್ಷಿಣ ಸಮುದ್ರದ ವರೆಗೆ ಅಧಿಕಾರ ನಡೆಸಿದ ದಂಡನಾಯಕ ಲಕ್ಕಣ್ಣನು ಆಳ್ವಿಕೆಯ ಭಾರದ ನಡುವೆಯೇ ಶಿವತತ್ತ್ವಚಿಂತಾಮಣಿಯನ್ನು ರಚಿಸಿದನು. ಜಕ್ಕಣಾರ್ಯನು ಸ್ಥಲಶಾಸ್ತ್ರವನ್ನು ವ್ಯವಸ್ಥೆಗೊಳಿಸಿದನು. ಚಾಮರಸನು ಅಲ್ಲಮಪ್ರಭುವಿನ ಚರಿತ್ರೆಯನ್ನು ಪ್ರಭುಲಿಂಗಲೀಲೆಯಾಗಿ ಹಾಡಿದನು. ಕಲ್ಯಾಣದಲ್ಲಿ ಅರಸನ ಕೋಪಕ್ಕೆ ಗುರಿಯಾಗಿ ಶರಣಸಮೂಹವು ಚದುರಿತು. ಅವರ ವಚನಗಳೂ ಚದುರಿದುವು. ಎರಡೂವರೆ ಶತಮಾನಗಳ ತರುವಾಯ ಆ ವಚನಗಳನ್ನು ಅರಸಿ, ಕೂಡಿಸಿ, ವ್ಯಾಖ್ಯಾನಿಸುವ ಕಾರ್ಯಕ್ಕೆ ಅರಸನ ಆಶ್ರಯವೇ ನೆರಳಾಯಿತು.

ಸ್ವಮತದವರನ್ನು ಸಲಹುವುದು ಅರಸನಿಗೆ ಕಠಿಣವಲ್ಲ. ಪರಮತದ ಪೂಜೆಗೆ ಎಡೆಗೊಡುವಲ್ಲಿ ಆತನ ಪರೀಕ್ಷೆಯಾಗುವುದು. 1426ರಲ್ಲಿ, ಪಟ್ಟವೇರಿದ ಸ್ವಲ್ಪಕಾಲದಲ್ಲೇ, ದೇವರಾಯನು ರಾಜಧಾನಿಯ ಎಲೆಯಡಕೆಯ ಅಂಗಡಿಬೀದಿಯಲ್ಲಿ ಪಾರ್ಶ್ವನಾಥನಿಗೆ ಶಿಲಾಮಯವಾದ ಚೈತ್ಯಾಲಯವನ್ನು ಕಟ್ಟಿಸಿದನು. 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ತೀರಿಸಿ ಉಭಯರ ಕೈಗಳನ್ನೂ ಕೂಡಿಸಿದ್ದನಷ್ಟೆ. ಮೊಮ್ಮಗನ ಮೊಮ್ಮಗನು ತೀರ್ಪಿನಲ್ಲಿ ನಿಲ್ಲದೆ ತಾನೇ ಕಟ್ಟಿಸಿಕೊಟ್ಟನು.

ಮುಸಲ್ಮಾನರ ವಿಷಯವು ಇಷ್ಟು ಸರಳವಲ್ಲ. ಬಹಮನಿ ಸುಲ್ತಾನರೊಡನೆ ನಡೆದ ಯುದ್ಧಗಳಲ್ಲಿ ಸೋಲುಂಡ ರಾಯನು ಅವರ ಬಿಲ್ಗಾರಿಕೆಯೂ ಕುದುರೆಗಳೂ ತನ್ನವಕ್ಕಿಂತ ಮೇಲೆಂದು ತಿಳಿದು, ಮುಸಲ್ಮಾನ ಬಿಲ್ಲಾಳುಗಳನ್ನು ಸೇವೆಗೆ ಸೇರಿಸಿ, ಅವರಿಗೆ ಮಸೀದಿಯನ್ನು ಕಟ್ಟಿಸಿಕೊಟ್ಟನೆಂದು ಫಿರಿಸ್ತನು ಬರೆದಿದ್ದಾನೆ. ಅವರು ತಮ್ಮ ಧರ್ಮಕ್ಕೆ ಕುಂದುಬಾರದಂತೆ ವಂದಿಸಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನೆಂದೂ ಆತನೇ ಹೇಳುತ್ತಾನೆ. ಇದೆಲ್ಲ ರಾಜ್ಯತಂತ್ರವೇ ಹೊರತು ಧರ್ಮಬುದ್ಧಿಯಲ್ಲವೆಂದು ವಾದಿಸತಕ್ಕವರುಂಟು. ತಂತ್ರವಿತ್ತೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ, ಆದರೆ ಪಾರ್ಶ್ವನಾಥನ ಚೈತ್ಯಾಲಯದಿಂದ ಒಬ್ಬ ಬಿಲ್ಲಾಳೂ ದೊರೆಯುವಂತಿರಲಿಲ್ಲ.

ಇದಕ್ಕಿಂತ ಬಲವಾದ ಸಾಕ್ಷಿ ಹಂಪೆಯ ಕಲ್ಲಿನಲ್ಲಿಯೇ ಇದೆ. ರಾಯನ ಸೇವಕನಾದ ಅಹಮದಖಾನನು 1439ರಲ್ಲಿ ಒಂದು ಮಸೀದಿಯನ್ನೂ ಬಾವಿಯನ್ನೂ ಕಟ್ಟಿಸಿ, ಕನ್ನಡದಲ್ಲಿ ಶಾಸನವನ್ನು ಬರೆಸಿದನು. ಅದರಲ್ಲಿ ಮಸೀದಿಗೆ ಧರ್ಮಶಾಲೆಯೆಂದು ಹೆಸರಿಟ್ಟು, ಅದರ ಪುಣ್ಯವು ದೇವರಾಯನಿಗೆ ಸಲ್ಲಲೆಂದು ಅರ್ಪಿಸಿದ್ದಾನೆ. ಕಂಬಗಳೂ ಮಂಟಪವೂ ನಮ್ಮ ದೇವಾಲಯಗಳ ರೀತಿಯವು. ಪಶ್ಚಿಮದ ಗೋಡೆಯ ಗೂಡೊಂದೇ ಅಲ್ಲಿಯ ಪ್ರಾರ್ಥನೆಯ ದಿಕ್ಕನ್ನು ತಿಳಿಸುವುದು. ಸೇವಕನು ಒಡೆಯನನ್ನು ಮೆಚ್ಚಿಸಲು ಹೊಗಳಿಕೆಯನ್ನು ಬರೆಸಬಹುದು. ತನ್ನ ಪ್ರಾರ್ಥನಾಮಂದಿರದ ಪುಣ್ಯವನ್ನೇ ವಿರೂಪಾಕ್ಷನ ಭಕ್ತನೊಬ್ಬನಿಗೆ ಕೊಡಬೇಕಾದರೆ ಆ ಒಡೆಯನಲ್ಲಿ ವಿಶ್ವಾಸವಿರಬೇಕು.

ರಾಯನ ಕಡೆಯ ವರ್ಷಗಳು ಕ್ಲೇಶಮಯವಾಗಿದ್ದುವು. ಸೋದರನೇ ಔತಣದ ನೆವದಿಂದ ಪ್ರಧಾನರನ್ನು ಕೊಲ್ಲಿಸಿ, ಅರಸನಿಗೂ ಕಠಾರಿಯಿಂದ ಇರಿದನು. ರಾಯನು ಬದುಕಿಕೊಂಡನು. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಈ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಅನ್ಯಮತೀಯನಾದ ಆತನನ್ನು ರಾಯನು ಆದರದಿಂದ ಬರಮಾಡಿಕೊಂಡು, ಮಹಾನವಮಿಯ ಉತ್ಸವವನ್ನು ನೋಡಗೊಟ್ಟನು.

1446ರ ಕ್ಷಯಸಂವತ್ಸರದ ವೈಶಾಖದಲ್ಲಿ ದೇವರಾಯನು ಕಾಲವಾದನು. ಆ ಮರಣದ ದಿನವನ್ನು ಕಲ್ಲಿನಲ್ಲಿ ಬರೆಸಿಟ್ಟದ್ದು ಹಂಪೆಯಲ್ಲಲ್ಲ; ಜೈನರ ಶ್ರವಣಬೆಳಗೊಳದಲ್ಲಿ.