ಕಾಣದ ಕಣ್ಣುಗಳ ಎಣಿಕೆ: ಡಾಕ್ಟರ್ ಮೋದಿ

ಮುರುಗೆಪ್ಪ ಚನ್ನವೀರಪ್ಪ ಮೋದಿಯವರು ಹುಟ್ಟಿದ್ದು 1916ರಲ್ಲಿ, ಅಂದು ವಿಜಾಪುರ ಜಿಲ್ಲೆಗೆ ಸೇರಿದ್ದ, ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಬೀಳಗಿಯಲ್ಲಿ. ನೇತ್ರವೈದ್ಯರಾದ ಮೇಲೆ ಪಟ್ಟಣವೊಂದರಲ್ಲಿ ನೆಲೆನಿಂತು ಹಣ ಗಳಿಸುವ ದಾರಿ ಅವರಿಗೆ ತೆರೆದೇ ಇದ್ದಿತು. ಅದನ್ನು ಬಿಟ್ಟು 1943ರಿಂದ ಅವರು ಹಳ್ಳಿಗಳ ಹಾದಿ ಹಿಡಿದರು.

ಆ ಕಾಲದ ಹಳ್ಳಿಯಲ್ಲಿ ಮುಪ್ಪಿನ ಕುರುಡು ರೋಗವೆಂದೇ ಎನಿಸುತ್ತಿರಲಿಲ್ಲ. ತಲೆ ನರೆತಂತೆ ಕಣ್ಣಿಗೂ ಪೊರೆ ಬಂದಿತೆಂದು ಮನೆಯವರು ಸುಮ್ಮನಾಗುತ್ತಿದ್ದರು. ಮುದುಕಿ ಪಡಸಾಲೆಯ ಮೂಲೆ ಹಿಡಿಯುತ್ತಿದ್ದಳು. ಆಸ್ಪತ್ರೆಯ ದಫ್ತರದಲ್ಲಿ ಅವಳ ಹೆಸರಿಲ್ಲ. ಹೆಸರಿಲ್ಲದ ಮೇಲೆ ಸರಕಾರದ ಯೋಜನೆಯಲ್ಲಿ ಅವಳ ಪಾಲಿಗೆ ವೈದ್ಯನೂ ಇಲ್ಲ, ಹಾಸಿಗೆಯೂ ಇಲ್ಲ. ಮೋದಿಯವರ ಶಿಬಿರ ಈ ಕ್ರಮವನ್ನೇ ತಿರುವುಹಾಕಿತು. ವೈದ್ಯನೇ ಊರಿಗೆ ಬಂದು ಇಳಿದಾಗ ಜನ ಸಾಲುಗಟ್ಟಿದರು. ಸಹಾಯಕರು ರೋಗಿಗಳನ್ನು ಅಣಿಗೊಳಿಸುವರು, ಮೋದಿಯವರು ಮೇಜಿನಿಂದ ಮೇಜಿಗೆ ನಡೆಯುತ್ತ ಪೊರೆ ತೆಗೆಯುವರು. ಒಂದೇ ದಿನ 833 ಶಸ್ತ್ರಕ್ರಿಯೆ. 1993ರ ಫೆಬ್ರವರಿಯ ವರೆಗೆ ಒಟ್ಟು 6,10,564. ಸಂದರ್ಶಿಸಿದ ಹಳ್ಳಿಗಳು 46,120. ಇವು ಗಿನ್ನೆಸ್ ದಾಖಲೆಯ ಪುಸ್ತಕಕ್ಕೇರಿದ ಅಂಕಿಗಳು. ಜನ ಮೊದಲಿನೆರಡಕ್ಕೆ ಬೆರಗಾಗುತ್ತಾರೆ. ನನಗೆ ದೊಡ್ಡದೆನಿಸುವುದು ಕೊನೆಯದು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು.

ಅವರು ಕಣ್ಣಾರೆ ಕಂಡುದನ್ನು ದೇಶ ಅಳೆದು ನೋಡಿದ್ದು ಬಹಳ ತಡವಾಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1971ರಿಂದ 74ರ ವರೆಗೆ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 1.38 ಮಂದಿ ಅಂಧರೆಂದು ತಿಳಿಯಿತು. ಅವರಲ್ಲಿ ನೂರಕ್ಕೆ 55ರಷ್ಟು ಜನರ ಅಂಧತೆಗೆ ಪೊರೆಯೇ ಕಾರಣ. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಮೊದಲಾಯಿತು. ಈ ಅಂಕಿಯನ್ನು ನಮ್ಮ ಸಿಂಧನೂರು ಸೀಮೆಗೆ ತಂದು ನೋಡಬಹುದು. ತುರ್ವಿಹಾಳದ ಸುತ್ತಿನ ಹಳ್ಳಿಗಳಿಂದ ಹತ್ತು ಸಾವಿರ ಜನರನ್ನು ಎಣಿಸಿಕೊಂಡರೆ, ಆ ಪ್ರಮಾಣದಲ್ಲಿ 138 ಅಂಧರು. ಅವರಲ್ಲಿ ಎಪ್ಪತ್ತಾರು ಮಂದಿಗೆ ಶಸ್ತ್ರಕ್ರಿಯೆಯಿಂದ ದೃಷ್ಟಿ ಮರಳಬಹುದಿತ್ತು. ಅವರಲ್ಲಿ ಎಷ್ಟು ಮಂದಿ ತಾವಾಗಿ ಸಿಂಧನೂರಿನ ವರೆಗೆ ಬಂದಾರು? ಅದರಲ್ಲಿಯೂ ಹೆಂಗಸರು? ಆದಕಾರಣವೇ ಈಗಿನ ಸಮೀಕ್ಷಕರು ಆಸ್ಪತ್ರೆಯ ದಫ್ತರವನ್ನು ನೆಚ್ಚದೆ, ಆಯ್ದ ಊರುಗಳಲ್ಲಿ ಮನೆಮನೆಗೆ ಹೋಗಿ, ಐವತ್ತು ದಾಟಿದವರ ಕಣ್ಣು ಪರೀಕ್ಷಿಸುತ್ತಾರೆ. ಅಂಧತೆಯ ಹೆಚ್ಚಿನ ಪಾಲು ಇರುವುದು ಆ ವಯಸ್ಸಿನಲ್ಲಿಯೇ. 2015ರಿಂದ 19ರ ವರೆಗಿನ ಸಮೀಕ್ಷೆಯಲ್ಲಿ ಒಟ್ಟು ಅಂಧತೆ ನೂರಕ್ಕೆ 0.36ಕ್ಕೆ ಇಳಿದಿದೆ. ಅಂಧತೆಯ ವ್ಯಾಖ್ಯೆಯೂ ನಡುವೆ ಬದಲಾಗಿರುವುದರಿಂದ ಎರಡು ಅಂಕಿಗಳನ್ನು ನೇರವಾಗಿ ತೂಗಲಾಗದು, ನಿಜ. ಆದರೂ ಐವತ್ತು ದಾಟಿದ ಅಂಧರಲ್ಲಿ ಮೂವರಿಗೆ ಇಬ್ಬರಂತೆ ಇಂದಿಗೂ ಪೊರೆಯಿಂದಲೇ ಕುರುಡರು.

ಮೋದಿಯವರು 2005ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ಕಣ್ಣಾಸ್ಪತ್ರೆ ಇದೆ. ಅವರ ಮಾರ್ಗವನ್ನು ಅಂಧಶ್ರದ್ಧೆಯಿಂದ ಹೊಗಳುವುದು ಸಲ್ಲದು. ಶಾಲೆ, ಛತ್ರಗಳಲ್ಲಿ ಶಸ್ತ್ರಕ್ರಿಯೆ ಮಾಡಿದರೆ ನಂಜಿನ ಭಯವುಂಟು. ಈಗ ಶಿಬಿರದಲ್ಲಿ ಪರೀಕ್ಷೆ ಮಾತ್ರ ಮಾಡಿ, ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ರೂಢಿ. ಅಂದು ಮಸೂರವನ್ನು ತೆಗೆದ ಕಣ್ಣಿನೊಳಗೆ ಕೃತಕ ಮಸೂರವನ್ನಿಡುವ ಅನುಕೂಲವೂ ಹಳ್ಳಿಗೆ ಬಂದಿರಲಿಲ್ಲ. ದಪ್ಪ ಗಾಜಿನ ಕನ್ನಡಕವೊಂದೇ ಗತಿ. ಅದು ಒಡೆದ ದಿನ ಮುದುಕಿ ಮತ್ತೆ ಪಡಸಾಲೆಯ ಮೂಲೆಗೆ. ಶಸ್ತ್ರಕ್ರಿಯೆಯ ಪಟ್ಟಿಯಲ್ಲಿ ಮಾತ್ರ ಅವಳು ಕಣ್ಣು ಬಂದವಳಾಗಿಯೇ ಉಳಿಯುತ್ತಿದ್ದಳು.