ಗುಬ್ಬಿ ವೀರಣ್ಣನವರ ಆನೆ ನೆನಪಿದೆ, ಕಂಪನಿಯ ಹೆಂಗಸರು?

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಾನು ಎಷ್ಟು ಕಾರ್ಯಕ್ರಮ ನೋಡಿದ್ದೇನೋ ಲೆಕ್ಕವಿಲ್ಲ. ವೇದಿಕೆಯ ಮೇಲೆ ಯಾರಾದರೂ ವೀರಣ್ಣನವರ ಹೆಸರೆತ್ತಿದರೆ ಎರಡು ಮಾತು ಗ್ಯಾರಂಟಿ. ಒಂದು, 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆ ತಂದು ನಿಲ್ಲಿಸಿದ್ದರು ಅನ್ನೋದು. ಇನ್ನೊಂದು, ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಅವರೆಲ್ಲ ಆ ಕಂಪನಿಯ ಗರಡಿಯಲ್ಲಿ ಪಳಗಿದವರು ಅನ್ನೋದು. ಎರಡೂ ನಿಜ. ಕುದುರೆ ಅಂದರೆ ಕುಣಿಗಲ್ಲಿನ ಫಾರಂ ಕಣ್ಣಮುಂದೆ ಬರುವ ಜಿಲ್ಲೆ ನಮ್ಮದು, ಹಾಗಾಗಿ ಆ ಕಥೆಗೆ ಚಪ್ಪಾಳೆಯೂ ಜೋರು.

ನಮ್ಮಜ್ಜಿಗೆ ಮಾತ್ರ ಆನೆ ನೆನಪಿರಲಿಲ್ಲ. ಕುಣಿಗಲ್ ಕಡೆಯ ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದು ತುಮಕೂರಿನ ಕ್ಯಾಂಪಿನಲ್ಲಿ ಕಂಪನಿ ನಾಟಕ ನೋಡಿದವಳು. ಯಾವ ನಾಟಕ ಅಂತ ಕೇಳಿದರೆ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತಿದ್ದಳು. ಆದರೆ ರಾಣಿ ಪಾತ್ರದವಳು ತೊಟ್ಟಿದ್ದ ಉಬ್ಬು ತೋಳಿನ ರವಿಕೆಯ ವಿಷಯದಲ್ಲಿ ಯಾವತ್ತೂ ತಪ್ಪಲಿಲ್ಲ. ತೋಳಿನ ಅಂಚಿಗೆ ಲೇಸು, ಸೆರಗಿಗೆ ಭುಜದ ಹತ್ತಿರ ಒಂದು ಪಿನ್ನು. ಅಜ್ಜಿ ಊರಿಗೆ ಬಂದು ಅಂಥದ್ದೇ ಒಂದು ಹೊಲಿಸಿಕೊಂಡಳು. ಅವಳ ಅತ್ತೆ, ನಾಟಕದವರ ಬಟ್ಟೆ ಮನೆಯೊಳಗೆ ಬೇಡ ಅಂತ ಮೂರು ದಿನ ಮಾತು ಬಿಟ್ಟರಂತೆ. ಅಜ್ಜಿ ಸೆರಗು ಹೊದ್ದು ಹೊದ್ದೇ ಆ ರವಿಕೆ ತೊಟ್ಟು ಸವೆಸಿದಳು. ಆಮೇಲೆ ಊರೆಲ್ಲ ಅದೇ ತೋಳು.

ವೀರಣ್ಣನವರ ಬದುಕನ್ನು ಈ ರವಿಕೆಯ ಕಡೆಯಿಂದ ನೋಡಬೇಕು ಅಂತ ನನಗೆ ಅನ್ನಿಸೋದು ಅದಕ್ಕೇ.

ಅವರು ಹುಟ್ಟಿದ್ದು 1891ರಲ್ಲಿ. ಕಂಪನಿ ಅವರಿಗಿಂತ ಏಳು ವರ್ಷ ದೊಡ್ಡದು. 1884ರಲ್ಲಿ ಗುಬ್ಬಿಯ ಕಲಾಸಕ್ತರು ಕೆಲವರು ಸೇರಿ, ಊರ ದೇವರು ಚನ್ನಬಸವೇಶ್ವರನ ಹೆಸರಿನಲ್ಲಿ ಕಟ್ಟಿದ ನಾಟಕ ಸಂಘ ಅದು. ಹುಡುಗ ವೀರಣ್ಣ ಇನ್ನೂ ಓದು ಬರಹ ನೆಟ್ಟಗೆ ಕಲಿಯುವ ಮುಂಚೆಯೇ ಅದರೊಳಗೆ ಸೇರಿಕೊಂಡ. ಬಣ್ಣ, ಹಾಡು, ತಾಳ ಎಲ್ಲ ಅಲ್ಲೇ. ಬೆಳೆದು ನಿಂತದ್ದು ಹಾಸ್ಯನಟನಾಗಿ. ಬೆಳ್ಳಾವೆ ನರಹರಿ ಶಾಸ್ತ್ರಿಗಳ 'ಸದಾರಮೆ'ಯಲ್ಲಿ ಅವರ ಕಳ್ಳನ ಪಾತ್ರ ಬಂದ ಮೇಲೆ ಜನ ನಾಯಕಿಯನ್ನು ನೋಡೋಕೆ ಬಂದು ಕಳ್ಳನನ್ನು ನೆನೆಸಿಕೊಂಡು ಮನೆಗೆ ಹೋಗುವಂತಾಯಿತು. 1917ರಲ್ಲಿ ಕಂಪನಿಯ ಒಡೆತನವೇ ಅವರ ಕೈಗೆ ಬಂತು.

ಆ ಕಾಲದ ರಂಗದ ಮೇಲೆ ಹೆಣ್ಣು ಅಂದರೆ ಮೀಸೆ ಬೋಳಿಸಿದ ಗಂಡು. ದನಿ ಒಡೆಯದ ಹುಡುಗರಿಗೆ ಬೇಡಿಕೆ. ದನಿ ಒಡೆದ ಮೇಲೂ ಹೆಣ್ಣಾಗಿಯೇ ಉಳಿಯಬಲ್ಲವನಿಗೆ ಇನ್ನೂ ಬೇಡಿಕೆ. ಮುಖಕ್ಕೆ ಅರದಾಳ, ತಲೆಗೆ ಕಟ್ಟುಕೂದಲು, ಮೈಗೆ ಪಟ್ಟೆಸೀರೆ. ಮರಾಠಿ ರಂಗದಲ್ಲಿ ಬಾಲಗಂಧರ್ವರು ಸೀರೆ ಉಟ್ಟ ರೀತಿ ನೋಡಿ ಮರ್ಯಾದಸ್ಥ ಮನೆಯ ಹೆಂಗಸರು ಹಾಗೇ ಉಡೋಕೆ ಕಲಿತರು. ಹೆಂಗಸರಿಗೆ ಸೀರೆಯ ಫ್ಯಾಷನ್ ಕಲಿಸಿದ್ದು ಒಬ್ಬ ಗಂಡಸು, ಅದರಲ್ಲಿ ಯಾರಿಗೂ ಮುಜುಗರ ಇರಲಿಲ್ಲ. ರಂಗದ ಉಡುಪು ಬೀದಿಗಿಳಿಯೋದು ನಮ್ಮಲ್ಲಿ ಮಾತ್ರವೂ ಅಲ್ಲ. ದಿಯಾಗಿಲೆವ್ 1909ರಲ್ಲಿ ರಷ್ಯಾದ ನರ್ತಕರನ್ನು ಪ್ಯಾರಿಸ್ಸಿಗೆ ಕರೆದೊಯ್ದ. ಮರುವರ್ಷ ಅವರ 'ಷೆಹೆರಜಾದೆ' ಬ್ಯಾಲೆಗೆ ಬಾಕ್ಸ್ಟ್ ಎಂಬ ಚಿತ್ರಕಾರ ಮಾಡಿಕೊಟ್ಟ ಬಣ್ಣಬಣ್ಣದ ಪೂರ್ವದೇಶದ ಉಡುಪು ನೋಡಿ ಅಲ್ಲಿನ ಶ್ರೀಮಂತ ಹೆಂಗಸರು ತಲೆಗೆ ಪೇಟ, ಕಾಲಿಗೆ ಸಡಿಲ ಷರಾಯಿ ತೊಟ್ಟರು. ನಮ್ಮ ಕಂಪನಿಗಳಲ್ಲೂ ಹೆಚ್ಚುಕಮ್ಮಿ ಅದೇ ಮೋಡಿ. ಪಾರ್ಸಿ ನಾಟಕಗಳಿಂದ ಕಲಿತ ಬಣ್ಣದ ಪರದೆ, ಮಖಮಲ್ಲಿನ ಅಂಗಿ, ಜರಿ, ಭುಜಕೀರ್ತಿ, ದೀಪದ ಬೆಳಕಿಗೆ ಮಿಂಚುವ ಗಾಜಿನ ಹರಳು. ಬೆರಗು ಹುಟ್ಟಿಸೋದೇ ಕಸುಬು.

ವೀರಣ್ಣ ಈ ಬೆರಗಿಗೆ ಕೈಬಿಚ್ಚಿ ಖರ್ಚು ಮಾಡಿದರು. ಆದರೆ ಅದಕ್ಕಿಂತ ದೊಡ್ಡ ಪಂದ್ಯ ಕಟ್ಟಿದ್ದು ಹೆಣ್ಣಿನ ಪಾತ್ರಕ್ಕೆ ಹೆಣ್ಣನ್ನೇ ತಂದಾಗ. ಉತ್ತರ ಕರ್ನಾಟಕದಲ್ಲಿ ಹೆಂಗಸರೇ ನಡೆಸಿದ ಕಂಪನಿಗಳಿದ್ದವು, ಆದ್ದರಿಂದ ಇವರೇ ಮೊದಲಿಗರು ಅನ್ನೋ ಹಟ ನನಗಿಲ್ಲ. ಹಳೇ ಮೈಸೂರಿನ ಅಷ್ಟು ದೊಡ್ಡ ಕಂಪನಿ, ಸಂಸಾರಸ್ಥರು ಹೆಂಡತಿ ಮಕ್ಕಳ ಜೊತೆ ಬರುವ ಕಂಪನಿ ಈ ಕೆಲಸ ಮಾಡಿದ್ದು ಮುಖ್ಯ. ಜನ ಬರದೇ ಹೋಗಿದ್ದರೆ ಟಿಕೆಟ್ ದುಡ್ಡು ನಂಬಿಕೊಂಡ ಅಷ್ಟೂ ಜನರ ಅನ್ನ ಹೋಗುತ್ತಿತ್ತು.

ಆ ಹೊತ್ತಿನ ಹವೆ ಹೇಗಿತ್ತು ಅಂತ ನೋಡಿ. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. ಹಾಡು ಕುಣಿತವೇ ಕಸುಬಾಗಿದ್ದ ಹೆಂಗಸರಿಗೆ ದೇವಸ್ಥಾನದ ಬಾಗಿಲು ಮುಚ್ಚಿತು, ಬೇರೆ ಬಾಗಿಲೇನೂ ತೆರೆಯಲಿಲ್ಲ. ರಂಗದ ಮೇಲೆ ಹಾಡುವ ಹೆಣ್ಣು ಅಂದರೆ ಜನರ ಕಣ್ಣಲ್ಲಿ ಅವಳು ಅಂಥವಳೇ, ಯಾವ ಮನೆಯಿಂದ ಬಂದಿದ್ದರೂ ಸರಿ. ಅತ್ತ 1922ರಲ್ಲಿ ಬ್ಯಾಲೆ ನರ್ತಕಿ ಆನಾ ಪಾವ್ಲೋವಾ ಭಾರತಕ್ಕೆ ಬಂದಳು, ಆಕೆಯನ್ನು ನಮ್ಮ ದೊಡ್ಡ ಮನುಷ್ಯರು ಕಲಾವಿದೆ ಅಂತ ಕೈಮುಗಿದು ನೋಡಿದರು. ಮುಂದೆ ಆಕೆಯ ಸ್ನೇಹದಿಂದ ನೃತ್ಯದ ಕಡೆ ತಿರುಗಿದ ರುಕ್ಮಿಣಿದೇವಿ 1936ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರ ಕಟ್ಟಿದರು. ದೇವದಾಸಿಯರ ಕುಣಿತ ಮೇಲ್ಜಾತಿಯ ಮನೆಗಳಿಗೆ ಹೊಕ್ಕು ಭರತನಾಟ್ಯ ಅನ್ನಿಸಿಕೊಂಡಿತು. ಕಂಪನಿ ನಾಟಕದ ಹೆಣ್ಣಿಗೆ ಅಂಥ ಮಡಿ ಯಾರೂ ಉಡಿಸಲಿಲ್ಲ. ಅವಳು ನಾಟಕದವಳಾಗಿಯೇ ಉಳಿದಳು.

ಬಿ. ಜಯಮ್ಮನವರನ್ನೇ ತಗೊಳ್ಳಿ. 1915ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿ, ಚಿಕ್ಕ ವಯಸ್ಸಿಗೇ ಕಂಪನಿ ಸೇರಿದವರು. ಹಾಡು ಬಲ್ಲವರು, ದನಿ ಗಟ್ಟಿ. ಮೈಕು ಬರುವ ಮುಂಚಿನ ನಟಿಯರಿಗೆ ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಕೇಳಿಸುವ ದನಿ ಬೇಕಿತ್ತು, ಅಂದ ಆಮೇಲಿನ ಮಾತು. 1931ರಲ್ಲಿ ವೀರಣ್ಣ ಮೂಕಿ ಚಿತ್ರಕ್ಕೆ ಕೈಹಾಕಿ, ಬೆಲ್ಜಿಯಂನ ರಾಫೇಲ್ ಅಲ್ಗೋಯೆಟ್ ಅವರ ನಿರ್ದೇಶನದಲ್ಲಿ 'ಹಿಸ್ ಲವ್ ಅಫೇರ್' ತೆಗೆದಾಗ ಜಯಮ್ಮನೇ ಜೋಡಿ. 1945ರ ತೆಲುಗಿನ 'ಸ್ವರ್ಗಸೀಮ', 1946ರ 'ಹೇಮರೆಡ್ಡಿ ಮಲ್ಲಮ್ಮ' ಅವರ ಹೆಸರು ನಿಲ್ಲಿಸಿದವು. ಮಲ್ಲಮ್ಮನ ಪಾತ್ರದಲ್ಲಿ ಅವರನ್ನು ನೋಡಿ ಕೈಮುಗಿದ ಮನೆಗಳಲ್ಲಿ ಎಷ್ಟು ಜನ ಮಗಳನ್ನು ಕಂಪನಿಗೆ ಕಳಿಸುತ್ತಿದ್ದರು? ನಮ್ಮ ಮನೆಯಲ್ಲಂತೂ ಇಲ್ಲ.

ಇಲ್ಲಿ ಇನ್ನೊಂದು ಮಾತು ಹೇಳದೆ ಹೋದರೆ ಅರ್ಧ ಸತ್ಯವಾಗುತ್ತೆ. ಜಯಮ್ಮ ವೀರಣ್ಣನವರ ಮಡದಿಯೂ ಹೌದು, ವಯಸ್ಸಿನಲ್ಲಿ ಇಪ್ಪತ್ತನಾಲ್ಕು ವರ್ಷ ಚಿಕ್ಕವರು. ಕಂಪನಿಯಲ್ಲೇ ನಟಿಸುತ್ತಿದ್ದ ಸುಂದರಮ್ಮನವರೂ ಮಡದಿ, ಭದ್ರಮ್ಮನವರೂ ಮಡದಿ. ಯಜಮಾನ, ಗಂಡ, ಜೊತೆನಟ ಮೂರೂ ಒಬ್ಬರೇ ಆದರೆ ಆ ಹೆಂಗಸರು ಬೇಡ ಅನ್ನುವ ಮಾತನ್ನು ಯಾರಿಗೆ ಹೇಳಬೇಕಿತ್ತು? ಆ ಕಾಲದಲ್ಲಿ ಎರಡು ಮೂರು ಮದುವೆ ಮಾಮೂಲು ಅನ್ನುವವರಿದ್ದಾರೆ, ಮಾಮೂಲು ನಿಜ. ಕಂಪನಿಯೇ ಮನೆಯಾದದ್ದರಿಂದ ನಟಿಯರಿಗೆ ಬೀದಿಯ ಕಣ್ಣಿನಿಂದ ನೆರಳು ಸಿಕ್ಕಿತು ಅನ್ನೋದೂ ನಿಜವಿರಬಹುದು. ನಾನು ವೀರಣ್ಣನವರನ್ನು ಸಣ್ಣವರಾಗಿ ಮಾಡುತ್ತಿಲ್ಲ. ಅವರ ಸಾಹಸದ ಬೆಲೆಯಲ್ಲಿ ಹೆಚ್ಚಿನ ಪಾಲು ಕಟ್ಟಿದ್ದು ಯಾರು ಅಂತ ಕೇಳುತ್ತಿದ್ದೇನೆ, ಅಷ್ಟೇ.

ಉಳಿದ ಕಥೆ ಗೊತ್ತಿರುವಂಥದ್ದೇ. ಕಂಪನಿ ತಮಿಳು, ತೆಲುಗು ಸೀಮೆಗೂ ಹೋಗಿ ಆ ಭಾಷೆಗಳಲ್ಲೇ ಆಡಿ ಗೆದ್ದಿತು. ಮೈಸೂರು ಅರಮನೆಯಿಂದ ನಾಟಕರತ್ನ ಬಿರುದು ಬಂತು. ಸಿನಿಮಾ ಎದುರಾಳಿ ಅಂತ ಗೊತ್ತಿದ್ದೂ ವೀರಣ್ಣ ಅದರಲ್ಲೇ ದುಡ್ಡು ಹೂಡಿದರು, 1954ರಲ್ಲಿ ಅವರ ಸಂಸ್ಥೆಯ 'ಬೇಡರ ಕಣ್ಣಪ್ಪ'ದಿಂದ ರಾಜ್‌ಕುಮಾರ್ ನಾಯಕರಾದರು. ಟೆಂಟಿನಲ್ಲಿ ಕೂರುತ್ತಿದ್ದ ಜನ ಟಾಕೀಸಿಗೆ ಹೋದರು. ಅವರೇ ಬೆಳೆಸಿದ ಹುಡುಗರ ಸಿನಿಮಾ ಅವರ ನಾಟಕದ ಜನರನ್ನು ಎಳೆದುಕೊಂಡಿತು. 1972ರಲ್ಲಿ ಪದ್ಮಶ್ರೀ, ಅದೇ ಅಕ್ಟೋಬರಿನಲ್ಲಿ ಸಾವು.

ಈಗ ಅವರ ಹೆಸರಿನಲ್ಲಿ ಸರ್ಕಾರದ ಪ್ರಶಸ್ತಿ ಇದೆ, ನಮ್ಮೂರಿನಲ್ಲಿ ಕಲಾಕ್ಷೇತ್ರ ಇದೆ. ಇರಲೇಬೇಕು. ಗುಬ್ಬಿಗೆ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ಕೂತ ಕಾಲೇಜು ಹುಡುಗಿಯನ್ನು ಒಮ್ಮೆ ಜಯಮ್ಮನವರ ಹೆಸರು ಕೇಳಿದ್ದೀಯೇನಮ್ಮಾ ಅಂತ ವಿಚಾರಿಸಿದೆ. ಇಲ್ಲ ಅಂದಳು. ಸುಂದರಮ್ಮ? ಅದೂ ಇಲ್ಲ. ಬಿ. ಜಯಶ್ರೀ ಗೊತ್ತಾ ಅಂದಾಗ ಮುಖ ಅರಳಿತು, ಟಿವಿಯಲ್ಲಿ ಹಾಡೋದು ನೋಡಿದ್ದಳಂತೆ.

ಜಯಶ್ರೀ ವೀರಣ್ಣನವರ ಮೊಮ್ಮಗಳು, ಕಂಪನಿಯ ನಟಿ ಮಾಲತಮ್ಮನವರ ಮಗಳು. ತಮ್ಮ ಸ್ಪಂದನ ತಂಡಕ್ಕೆ 'ಸದಾರಮೆ'ಯನ್ನು ಮತ್ತೆ ಎತ್ತಿಕೊಂಡಾಗ ಅವರು ಬಣ್ಣ ಹಚ್ಚಿದ್ದು ಸದಾರಮೆಯ ಪಾತ್ರಕ್ಕಲ್ಲ. ತಾತನ ಕಳ್ಳನ ಪಾತ್ರಕ್ಕೆ.